ಜೋನ್ ಹಿಕ್ಸನ್ನಳ ಅಭಿನಯ

ನಾಟಕದ ವಿಮರ್ಶೆಯೆಂದರೆ ನಾಯಕ ನಾಯಿಕೆಯರ ವಿಮರ್ಶೆಯೆಂಬುದು ಬಹುಕಾಲದಿಂದ ನಡೆದುಬಂದ ರೂಢಿ. ದುಷ್ಯಂತನನ್ನು ಕುರಿತು ಪುಟಗಟ್ಟಲೆ ಬರೆದ ಪಂಡಿತರುಂಟು. ಕಳೆದುಹೋದ ಉಂಗುರವನ್ನು ತಂದು ರಾಜಭಟರಿಂದ ಪೆಟ್ಟು ತಿನ್ನುವ ಬೆಸ್ತನ ವಿಷಯವಾಗಿ ನಾಲ್ಕು ಮಾತು ಬರೆದವರು ವಿರಳ. ಆದರೆ ಆ ಬೆಸ್ತನ ಪಾತ್ರವನ್ನು ಕೆಡಿಸಿದರೆ ಮುಂದೆ ಬರುವ ಅರಸನ ಪಶ್ಚಾತ್ತಾಪವೂ ತೂಕಗೆಡುತ್ತದೆಂಬುದು ರಂಗದ ಮುಂದೆ ಕುಳಿತು ನೋಡಿದವರಿಗೆಲ್ಲ ಗೊತ್ತು. ಇಂತಹ ಪಾತ್ರಗಳಲ್ಲಿಯೇ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲವನ್ನು ಕಳೆದು, ತನ್ನ ೭೮ನೆಯ ವಯಸ್ಸಿನಲ್ಲಿ ದೂರದರ್ಶನದ ಮೂಲಕ ಮನೆಮನೆಯ ಮಾತಾದ ಇಂಗ್ಲೆಂಡಿನ ನಟಿ ಜೋನ್ ಹಿಕ್ಸನ್ನಳ ಕಲೆಯು, ಈ ಕಾರಣದಿಂದಲೇ, ಸಹೃದಯರ ವಿಶೇಷ ವಿಚಾರಕ್ಕೆ ಯೋಗ್ಯವಾದುದು.

ಈಕೆಯ ಜೀವನವೃತ್ತಾಂತದಲ್ಲಿ ಬೆರಗುಗೊಳಿಸುವ ಸಂಗತಿಗಳೇನೂ ಇಲ್ಲ. ೧೯೦೬ನೆಯ ಇಸವಿ ಆಗಸ್ಟ್ ೫ರಂದು ನಾರ್ಥಾಂಪ್ಟನ್ನಿನ ಕಿಂಗ್ಸ್‌ಥಾರ್ಪ್ ಎಂಬಲ್ಲಿ ಜನನ. ಆ ಪಟ್ಟಣವು ಪಾದರಕ್ಷೆಗಳ ತಯಾರಿಕೆಗೆ ಹೆಸರುವಾಸಿ. ಈಕೆಯ ತಂದೆಯದೂ ಅದೇ ವ್ಯಾಪಾರ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಎಂಬ ನಾಟ್ಯಶಾಲೆಯಲ್ಲಿ ಶಿಕ್ಷಣ. ೧೯೨೭ರಲ್ಲಿ ರಂಗಪ್ರವೇಶ, ೧೯೩೪ರಲ್ಲಿ ಚಲಚ್ಚಿತ್ರಪ್ರವೇಶ. ನಡುವೆ ೧೯೩೨ರಲ್ಲಿ ಒಬ್ಬ ವೈದ್ಯನೊಡನೆ ವಿವಾಹ, ಇಬ್ಬರು ಮಕ್ಕಳು, ೧೯೬೭ರಲ್ಲಿ ಪತಿವಿಯೋಗ. ೧೯೫೮ರಿಂದ ಕಡೆಯವರೆಗೂ ಎಸೆಕ್ಸ್ ಪ್ರಾಂತದ ವಿವೆನ್‌ಹೋ ಎಂಬ ನದೀತೀರದ ಸಣ್ಣ ಊರಿನಲ್ಲಿ ವಾಸ. ಇಷ್ಟನ್ನು ಹೇಳಿದರೆ ಚರಿತ್ರೆಯು ಮುಗಿಯಿತು. ಉಳಿದುದೆಲ್ಲವೂ ಕೆಲಸ.

ಆ ಕೆಲಸವಾದರೂ ಎಂತಹುದು! ಬಾಡಿಗೆಗೆ ಕೋಣೆ ಕೊಡುವ ಮನೆಯೊಡತಿ, ಮದ್ಯದಂಗಡಿಯ ಹೆಂಗಸು, ಆಸ್ಪತ್ರೆಯ ದಾದಿ, ಪಾದ್ರಿಯ ಮನೆಯ ಮೇಲ್ವಿಚಾರಕಿ, ಪಕ್ಕದ ಮನೆಯ ಕುತೂಹಲಿ. ಚಲಚ್ಚಿತ್ರದಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ. ೧೯೫೦ರ ‘ಸೆವೆನ್ ಡೇಸ್ ಟು ನೂನ್’ ಎಂಬ ಚಿತ್ರದಲ್ಲಿ, ಲಂಡನ್ ನಗರವನ್ನೇ ಸ್ಫೋಟಿಸುವೆನೆಂದು ಸರಕಾರವನ್ನು ಬೆದರಿಸಿ ತಲೆತಪ್ಪಿಸಿಕೊಂಡ ಒಬ್ಬ ವಿಜ್ಞಾನಿಗೆ ಈಕೆಯು ಕೋಣೆ ಕೊಡುತ್ತಾಳೆ. ರಾತ್ರಿಯೆಲ್ಲ ಆತನು ಶತಪಥ ಹಾಕುವ ಸದ್ದು ಕೇಳಿ ಈಕೆಗೆ ಸಂಶಯ. ಆದರೆ ಸಂಶಯವು ಬೇರೆಯೇ ತೆರನಾದುದು. ಮನೆಯೊಡತಿಯರನ್ನು ಕೊಲ್ಲುವ ಘಾತುಕನು ಇವನಿರಬೇಕೆಂದು ಬೆದರಿ ಪೊಲೀಸರಲ್ಲಿಗೆ ಓಡುತ್ತಾಳೆ. ಲಕ್ಷಾಂತರ ಜನರ ಪ್ರಾಣವು ತೂಗಾಡುತ್ತಿರುವಾಗ ತನ್ನೊಂದು ಕತ್ತಿನ ಚಿಂತೆ ಮಾಡುವ ಈ ಹೆಂಗಸನ್ನು ಹಾಸ್ಯಪಾತ್ರವಾಗಿ ಮಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭವಾಗಿತ್ತು. ಹಿಕ್ಸನ್ನಳು ಹಾಗೆ ಮಾಡಲಿಲ್ಲ. ಅವಳ ಭಯವು ನಿಜವಾದ ಭಯ. ಅದರ ಕಾರಣ ಮಾತ್ರ ತಪ್ಪು. ನೋಡುವವನು ನಗುತ್ತಾನೆ, ನಗುತ್ತಲೇ ಆ ಹೆಂಗಸಿನ ಒಂಟಿತನವನ್ನೂ ಕಂಡುಕೊಳ್ಳುತ್ತಾನೆ. ಇಡಿಯ ಚಿತ್ರದಲ್ಲಿ ಅವಳ ಪಾಲು ಅಲ್ಪವೇ. ಆದರೆ ಆಪತ್ತು ಬಂದಿರುವುದು ನಕ್ಷೆಯ ಮೇಲಿನ ಒಂದು ನಗರಕ್ಕಲ್ಲ, ಇಂತಹ ಮನೆಗಳಲ್ಲಿ ಇಂತಹ ಚಿಂತೆಗಳಿಂದ ಬದುಕುವವರಿಗೆ ಎಂಬುದು ಅವಳ ಮುಖವನ್ನು ನೋಡಿದಾಗಲೇ ಪ್ರೇಕ್ಷಕನಿಗೆ ಅರಿವಾಗುವುದು.

ರಂಗಭೂಮಿಯಲ್ಲಿ ಈಕೆಗೆ ದೊರೆತ ಪಾತ್ರಗಳು ಇನ್ನೂ ಸ್ವಲ್ಪ ವಿಸ್ತಾರವಾದುವು. ಪೀಟರ್ ನಿಕೋಲ್ಸನ ‘ಎ ಡೇ ಇನ್ ದಿ ಡೆತ್ ಆಫ್ ಜೋ ಎಗ್’ ನಾಟಕವು ೧೯೬೭ರಲ್ಲಿ ಗ್ಲಾಸ್ಗೋ ನಗರದಲ್ಲಿ ಮೊದಲು ಪ್ರಯೋಗವಾಯಿತು. ಅಂಗಾಂಗಗಳ ಸ್ವಾಧೀನವೂ ಮಾತೂ ಇಲ್ಲದ ಮಗಳನ್ನು ಸಾಕುತ್ತಿರುವ ದಂಪತಿಗಳು, ದುಃಖವನ್ನು ತಾಳಲಾರದೆ ಅದನ್ನು ವಿನೋದವಾಗಿ ಮಾರ್ಪಡಿಸಿಕೊಂಡು ದಿನ ದೂಡುವ ಕಥೆ ಅದು. ಅಲ್ಲಿಗೆ ಆ ಮಗುವಿನ ಅಜ್ಜಿಯು ಬರುತ್ತಾಳೆ. ಅವಳು ಕೆಟ್ಟವಳಲ್ಲ, ಅಕ್ಕರೆಯುಳ್ಳವಳೇ. ಆದರೆ ಅವಳ ಸಾಧಾರಣವಾದ, ಸವಿಯಾದ ಮಾತೊಂದೊಂದೂ ಆ ತಾಯಿಯ ಎದೆಗೆ ಮುಳ್ಳಿನಂತೆ ನಾಟುವುದು. ಈ ಪಾತ್ರವನ್ನು ಹಿಕ್ಸನ್ನಳು ಗ್ಲಾಸ್ಗೋದಲ್ಲಿಯೂ ಲಂಡನ್ನಿನಲ್ಲಿಯೂ ಆಡಿ, ೧೯೬೮ರಲ್ಲಿ ನ್ಯೂಯಾರ್ಕಿಗೂ ಒಯ್ದು, ೧೯೭೨ರ ಚಲಚ್ಚಿತ್ರದಲ್ಲಿಯೂ ಅಭಿನಯಿಸಿದಳು. ತಾನು ನೋಯಿಸುತ್ತಿರುವೆನೆಂಬ ಅರಿವೇ ಇಲ್ಲದೆ ನೋಯಿಸುವವರನ್ನು ರಂಗದ ಮೇಲೆ ತರುವುದು ಬಲು ಕಷ್ಟ. ನಟಿಗೆ ಆ ಅರಿವಿರಬೇಕು, ಪಾತ್ರಕ್ಕೆ ಇರಕೂಡದು. ಅಲ್ಪ ನಟಿಯರು ಇಲ್ಲಿ ಪ್ರೇಕ್ಷಕರ ಕಡೆಗೆ ಕಣ್ಣು ಮಿಟುಕಿಸಿಬಿಡುತ್ತಾರೆ.

ಮುಂದೆ ಆಲನ್ ಐಕ್‌ಬೋರ್ನನ ‘ಬೆಡ್‌ರೂಮ್ ಫಾರ್ಸ್’. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ೧೯೭೭ರಲ್ಲಿ ಆಡಲ್ಪಟ್ಟ ಈ ನಾಟಕದಲ್ಲಿ ಮೂರು ಶಯನಗೃಹಗಳು ಒಂದೇ ರಂಗದ ಮೇಲೆ ಕಾಣಿಸುತ್ತವೆ. ತರುಣ ದಂಪತಿಗಳು ಜಗಳವಾಡಿ ಇತರರ ರಾತ್ರಿಯನ್ನೆಲ್ಲ ಕೆಡಿಸುತ್ತಿರುವಾಗ, ವಿವಾಹದ ವಾರ್ಷಿಕೋತ್ಸವವನ್ನು ಮುಗಿಸಿ ಬಂದ ವೃದ್ಧ ದಂಪತಿಗಳು ಹಾಸಿಗೆಯಲ್ಲಿ ಕುಳಿತು ಬ್ರೆಡ್ಡಿನ ಮೇಲೆ ಡಬ್ಬಿಯ ಮೀನನ್ನಿಟ್ಟುಕೊಂಡು ತಿನ್ನುತ್ತಾರೆ. ಆ ವೃದ್ಧೆಯೇ ಹಿಕ್ಸನ್ನಳು. ವೃದ್ಧನು ಮೈಕೇಲ್ ಗಾಫ್. ೧೯೭೯ರಲ್ಲಿ ಈ ಪ್ರಯೋಗವು ನ್ಯೂಯಾರ್ಕಿಗೆ ಹೋದಾಗ ಪೋಷಕಪಾತ್ರಗಳಿಗೆ ಮೀಸಲಾದ ಟೋನಿ ಪ್ರಶಸ್ತಿಯು ಇಬ್ಬರಿಗೂ ದೊರೆಯಿತು. ಆಗ ಈಕೆಗೆ ವಯಸ್ಸು ೭೨. ೧೯೮೧ರಲ್ಲಿ ಬಿ.ಬಿ.ಸಿ.ಯವರು ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ದೂರದರ್ಶನಕ್ಕೆ ಅಳವಡಿಸಿದಾಗ, ವರನಿಂದ ವಂಚಿತಳಾಗಿ ಮದುವೆಯ ಉಡುಪಿನಲ್ಲಿಯೇ ಮುದುಕಿಯಾದ ಮಿಸ್ ಹ್ಯಾವಿಷಾಮಳ ಪಾತ್ರವೂ ಈಕೆಯ ಪಾಲಿಗೆ ಬಂದಿತು. ಇದನ್ನು ನೋಡಿದವರು ಮುಂದೆ ಬರಲಿದ್ದ ದೊಡ್ಡ ಪಾತ್ರದಲ್ಲಿನ ಕಾಠಿಣ್ಯವನ್ನು ಕಂಡು ಅಚ್ಚರಿಪಡಬೇಕಾದುದಿಲ್ಲ.

ಆ ದೊಡ್ಡ ಪಾತ್ರವು ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್. ಪತ್ತೇದಾರಿ ಕಥೆಗಳನ್ನು ಓದುವ ಅಭ್ಯಾಸವುಳ್ಳ ಮನೆಗಳಲ್ಲಿ ಈ ಮುದುಕಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಉಳಿದವರಿಗಾಗಿ ಎರಡು ಮಾತು. ೧೯೨೭ರಲ್ಲಿ ಒಂದು ಸಣ್ಣ ಕಥೆಯ ಮೂಲಕ ಕಾಣಿಸಿಕೊಂಡು, ೧೯೩೦ರಲ್ಲಿ ಕಾದಂಬರಿಗೆ ಬಂದು, ಒಟ್ಟು ೧೨ ಕಾದಂಬರಿಗಳಲ್ಲಿ ಬೆಳೆದ ಅವಿವಾಹಿತ ವೃದ್ಧೆ ಈಕೆ. ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯಲ್ಲಿ ಹೂದೋಟ ಮಾಡಿಕೊಂಡು, ಉಣ್ಣೆ ಹೆಣೆದುಕೊಂಡು ಇರುವವಳು. ಕೊಲೆಗಳ ಮೂಲವನ್ನು ಕಂಡುಹಿಡಿಯಲು ಅವಳಲ್ಲಿ ಭೂತಗನ್ನಡಿಯಿಲ್ಲ, ರಸಾಯನಶಾಸ್ತ್ರವಿಲ್ಲ. ಅವಳದು ಹೋಲಿಕೆಯ ವಿದ್ಯೆ. ದೊಡ್ಡ ಮನೆಯ ಸಿರಿವಂತನೊಬ್ಬನು ಆಡುವ ಸುಳ್ಳು, ಎಂದೋ ತನ್ನ ಹಳ್ಳಿಯಲ್ಲಿ ಅಂಗಡಿಯ ಹುಡುಗನು ಆಡಿದ ಸುಳ್ಳನ್ನು ನೆನಪಿಗೆ ತರುತ್ತದೆ. ಆ ಹುಡುಗನು ಮುಂದೆ ಏನು ಮಾಡಿದನೋ ಈತನೂ ಅದನ್ನೇ ಮಾಡುವನೆಂದು ಅವಳು ಬಲ್ಲಳು. ಎಲ್ಲಕ್ಕಿಂತ ಮಿಗಿಲಾಗಿ, ಅವಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಮೂಲೆಯಲ್ಲಿ ಕುಳಿತ ಮುದುಕಿಯ ಮುಂದೆ ಜನರು ಆಡಬಾರದ ಮಾತನ್ನೂ ಆಡುತ್ತಾರೆ.

ಹಿಕ್ಸನ್ನಳಿಗೂ ಈ ಪಾತ್ರಕ್ಕೂ ಇದ್ದ ಋಣಾನುಬಂಧವು ಹಳೆಯದು. ಕ್ರಿಸ್ಟಿಯ ‘ಅಪಾಯಿಂಟ್‌ಮೆಂಟ್ ವಿತ್ ಡೆತ್’ ನಾಟಕವು ೧೯೪೫ರಲ್ಲಿ ಲಂಡನ್ನಿನಲ್ಲಿ ಆಡಲ್ಪಟ್ಟಾಗ ಅದರಲ್ಲಿ ಹಿಕ್ಸನ್ನಳಿಗೆ ಒಂದು ಚಿಕ್ಕ ಪಾತ್ರವಿತ್ತು. ಅದನ್ನು ನೋಡಿದ ಲೇಖಕಿಯು, ಮುಂದೊಂದು ದಿನ ತನ್ನ ಮಿಸ್ ಮಾರ್ಪಲ್ಲಳನ್ನು ನೀನು ಆಡಬೇಕೆಂಬ ಆಶೆಯನ್ನು ತಿಳಿಸಿ ಒಂದು ಓಲೆಯನ್ನು ಬರೆದಳಂತೆ. ನಟಿಗೆ ಆಗ ನಲವತ್ತರ ಆಸುಪಾಸು. ಆ ಆಶೆಯು ಕೈಗೂಡುವುದಕ್ಕೆ ನಾಲ್ಕು ದಶಕಗಳು ಬೇಕಾದುವು. ೧೯೭೬ರಲ್ಲಿ ತೀರಿಕೊಂಡ ಲೇಖಕಿಯು ಅದನ್ನು ಕಾಣಲಿಲ್ಲ. ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಮತ್ತೊಂದುಂಟು. ‘೪.೫೦ ಫ್ರಮ್ ಪ್ಯಾಡಿಂಗ್ಟನ್’ ಎಂಬ ಕಾದಂಬರಿಯು ೧೯೬೧ರಲ್ಲಿ ‘ಮರ್ಡರ್, ಷೀ ಸೆಡ್’ ಎಂಬ ಹೆಸರಿನಿಂದ ಚಲಚ್ಚಿತ್ರವಾದಾಗ ಮಾರ್ಗರೆಟ್ ರದರ್‌ಫರ್ಡ್ ಮಿಸ್ ಮಾರ್ಪಲ್ ಆದಳು; ಅದರಲ್ಲಿ ಮನೆಗೆಲಸದ ಮಿಸೆಸ್ ಕಿಡರ್ ಎಂಬವಳ ಪಾತ್ರ ಹಿಕ್ಸನ್ನಳದಾಗಿತ್ತು. ೨೬ ವರ್ಷಗಳ ತರುವಾಯ, ೧೯೮೭ರ ಕ್ರಿಸ್ಮಸ್ ದಿನ, ಅದೇ ಕಥೆಯು ಬಿ.ಬಿ.ಸಿ. ದೂರದರ್ಶನದಲ್ಲಿ ಬಂದಾಗ ಆ ಕೆಲಸದವಳೇ ಪತ್ತೇದಾರಳಾಗಿದ್ದಳು.

ಇಂತಹ ಕಥೆಗಳನ್ನು ಕೇಳಿದವರು, ಕಡೆಗೂ ಈ ನಟಿಗೆ ನ್ಯಾಯ ದೊರೆಯಿತೆಂದೂ ಐವತ್ತು ವರ್ಷಗಳ ತಪಸ್ಸು ಫಲಿಸಿತೆಂದೂ ಹೇಳುವುದು ವಾಡಿಕೆ. ಈ ಮಾತಿನಲ್ಲಿ ಸೌಜನ್ಯವಿದೆ, ವಿಚಾರವು ಸಾಲದು. ಹಾಗೆಂದರೆ ಹಿಂದಿನ ಪಾತ್ರಗಳೆಲ್ಲ ಬಾಗಿಲಲ್ಲಿ ನಿಂತು ಕಾಯ್ದ ಕಾಲವೆಂದು ಅರ್ಥವಾಗುವುದು. ಮಿಸ್ ಮಾರ್ಪಲ್ಲಳ ಬಲವಾದರೂ ಯಾವುದರಲ್ಲಿದೆ? ಸಣ್ಣವರನ್ನು ನೂರಾರು ಮಂದಿಯನ್ನು ಕಂಡು ಮನಸ್ಸಿನಲ್ಲಿಟ್ಟುಕೊಂಡುದರಲ್ಲಿ. ತಾನು ಯಾರ ಕಣ್ಣಿಗೂ ಬೀಳದಂತೆ ಇರಬಲ್ಲುದರಲ್ಲಿ. ಅಂಗಡಿಯವಳನ್ನೂ ದಾದಿಯನ್ನೂ ಮನೆಯೊಡತಿಯನ್ನೂ ಒಳಹೊಕ್ಕು ಬಲ್ಲ, ಮುಖ್ಯನಟರ ಬೆಳಕಿಗೆ ಅಡ್ಡಬಾರದೆ ರಂಗದ ಅಂಚಿನಲ್ಲಿ ನಿಂತು ಅಭ್ಯಾಸವಾದ ನಟಿಗೆ ಇವೆರಡೂ ಕೈವಶವಾದ ವಿದ್ಯೆಗಳು. ಇಡಿಯ ಜೀವಮಾನ ನಾಯಿಕೆಯಾಗಿ ಮೆರೆದವಳಿಗೆ ಇವು ಬರುವುದು ಕಷ್ಟ. ಅವಳು ಕೋಣೆಯೊಳಗೆ ಬಂದೊಡನೆ ಎಲ್ಲರ ದೃಷ್ಟಿಯೂ ಅವಳ ಕಡೆಗೆ ತಿರುಗುವುದು; ಅಲ್ಲಿಗೆ ಮಿಸ್ ಮಾರ್ಪಲ್ಲಳ ಆಟ ಮುಗಿಯಿತು.

ಈ ಮಾತಿಗೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ರದರ್‌ಫರ್ಡಳು ಮಹಾನಟಿ, ೧೯೬೧ರಿಂದ ೧೯೬೪ರವರೆಗಿನ ಅವಳ ನಾಲ್ಕು ಚಿತ್ರಗಳು ನಗಿಸುತ್ತವೆ, ಇಂದಿಗೂ ನೋಡಲು ಹಿತವಾಗಿವೆ. ಕ್ರಿಸ್ಟಿಯೂ ೧೯೬೨ರ ತನ್ನ ಕಾದಂಬರಿಯೊಂದನ್ನು ಆ ನಟಿಗೆ ಅರ್ಪಿಸಿದ್ದಾಳೆ. ಆದರೆ ಕುದುರೆಯೇರಿ, ಕತ್ತಿವರಸೆಯಾಡಿ, ಗಲ್ಲವನ್ನು ಅಲುಗಿಸುತ್ತ ಬರುವ ಆ ಭಾರಿ ಮುದುಕಿಯನ್ನು ಲೆಕ್ಕಿಸದೆ ಅವಳೆದುರಿಗೆ ಗುಟ್ಟನ್ನಾಡುವ ಕೊಲೆಗಾರನು ಎಲ್ಲಿಯಾದರೂ ಇದ್ದಾನೆಯೆ? ೧೯೮೦ರ ಚಿತ್ರದಲ್ಲಿ ಆಂಜೆಲಾ ಲ್ಯಾನ್ಸ್‌ಬರಿಯು ಐವತ್ತೈದು ತುಂಬುವ ಮೊದಲೇ ಬಣ್ಣ ಬಳಿದುಕೊಂಡು ಮುದುಕಿಯಾದಳು. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ಆಹಾರ್ಯಾಭಿನಯವು ಮುಂದಾಗಿ ಸಾತ್ತ್ವಿಕವು ಹಿಂದುಳಿಯಿತು.

ಬಿ.ಬಿ.ಸಿ.ಯ ಮಾಲೆಯು ೧೯೮೪ರ ಡಿಸೆಂಬರ್ ೨೬ರಂದು ‘ದಿ ಬಾಡಿ ಇನ್ ದಿ ಲೈಬ್ರರಿ’ ಎಂಬ ಕಥೆಯಿಂದ ಆರಂಭವಾಗಿ, ೧೯೯೨ರ ಡಿಸೆಂಬರ್ ೨೭ರಂದು ಕೊನೆಗೊಂಡಿತು. ಹನ್ನೆರಡು ಕಾದಂಬರಿಗಳೂ ಬಂದುವು, ಹನ್ನೆರಡರಲ್ಲಿಯೂ ಹಿಕ್ಸನ್ನಳೇ. ಹ್ಯಾಂಪ್‌ಷೈರಿನ ನೆದರ್ ವಾಲಪ್ ಎಂಬ ಹಳ್ಳಿಯೇ ಸೇಂಟ್ ಮೇರಿ ಮೀಡ್ ಆಯಿತು. ಈ ಮಾಲೆಯಲ್ಲಿ ಅವಳು ಮಾಡುವುದೇನು ಎಂದು ಕೇಳಿದರೆ, ಬಹುಪಾಲು ಏನೂ ಮಾಡುವುದಿಲ್ಲವೆಂದೇ ಉತ್ತರ ಹೇಳಬೇಕು. ನೆಟ್ಟಗೆ ಕುಳಿತುಕೊಳ್ಳುತ್ತಾಳೆ. ತೊಡೆಯ ಮೇಲೆ ಕೈಚೀಲ. ಎದುರಿಗಿರುವವನು ಮಾತನಾಡುತ್ತಿರುತ್ತಾನೆ, ಇವಳು ಕೇಳುತ್ತಿರುತ್ತಾಳೆ. ಕೇಳುವುದೂ ಒಂದು ಅಭಿನಯವೆಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದವರು ದೂರದರ್ಶನದಲ್ಲಿ ಅಪೂರ್ವ. ಮಾತಿನ ನಡುವೆ ಎಲ್ಲಿಯೋ ಒಂದು ಕಡೆ ಆ ತಿಳಿನೀಲಿ ಕಣ್ಣುಗಳು ಒಂದು ಗಳಿಗೆ ನಿಲ್ಲುವುವು, ಹೆಣಿಗೆಯ ಕಡ್ಡಿಗಳೂ ನಿಲ್ಲುವುವು, ಮತ್ತೆ ಮೊದಲಿನಂತೆ. ಪ್ರೇಕ್ಷಕನಿಗೆ ತಿಳಿಯುವುದು ಇಷ್ಟೆ: ಇಲ್ಲಿ ಏನೋ ಒಂದು ಅವಳ ಬುದ್ಧಿಗೆ ಸಿಕ್ಕಿತು. ಅದೇನೆಂದು ತಿಳಿಯುವುದಕ್ಕೆ ಕಥೆಯ ಕೊನೆಯವರೆಗೆ ಕಾಯಬೇಕು. ರಂಗಸ್ಥಳದಲ್ಲಿ ಹಿಂದಿನ ಸಾಲಿಗೆ ಕಾಣದೆ ಹೋಗುವ ಈ ಸೂಕ್ಷ್ಮವು ಮುಖವನ್ನು ಸಮೀಪಕ್ಕೆ ತಂದು ತೋರಿಸುವ ದೂರದರ್ಶನಕ್ಕೆ ಹೇಳಿಮಾಡಿಸಿದಂತಿದೆ.

ಮೊದಲನೆಯ ಕಥೆಯಲ್ಲಿಯೇ ಇದಕ್ಕೊಂದು ಸ್ಪಷ್ಟವಾದ ಉದಾಹರಣೆಯಿದೆ. ಕರ್ನಲ್ ಬ್ಯಾಂಟ್ರಿಯ ಪುಸ್ತಕಭಂಡಾರದಲ್ಲಿ ಅಪರಿಚಿತಳಾದ ಒಬ್ಬ ತರುಣಿಯ ಶವ. ಮನೆಯೊಡತಿಯು ಗೆಳತಿಯಾದ ಮಿಸ್ ಮಾರ್ಪಲ್ಲಳಿಗೆ ಹೇಳಿಕಳುಹಿಸುತ್ತಾಳೆ. ಗೆಳತಿಗೆ ಇದೊಂದು ರೋಮಾಂಚಕರ ಸಂಗತಿ. ಹಿಕ್ಸನ್ನಳು ಶವದ ಬಳಿಗೆ ಬಂದಾಗ ಅವಳ ಮುಖದಲ್ಲಿ ಮೊದಲು ಕಾಣುವುದು ಕುತೂಹಲವಲ್ಲ, ಕನಿಕರ. ಎಷ್ಟು ಎಳೆಯ ವಯಸ್ಸಿನವಳು ಎಂಬ ಭಾವ. ಆಮೇಲೆ ದೃಷ್ಟಿಯು ಆ ಹುಡುಗಿಯ ಬೆರಳುಗಳ ಕಡೆಗೆ ಇಳಿಯುವುದು. (ಆ ಬೆರಳುಗಳಲ್ಲಿ ಕಂಡದ್ದೇನೆಂಬುದನ್ನು, ಕಥೆಯನ್ನು ಓದದವರ ಸುಖಕ್ಕಾಗಿ, ಇಲ್ಲಿ ಹೇಳದಿರುವುದೇ ಮೇಲು.) ಈ ಕ್ರಮವೇ ಔಚಿತ್ಯ. ಕನಿಕರವಿಲ್ಲದೆ ಬುದ್ಧಿಯೊಂದೇ ಇದ್ದಿದ್ದರೆ ಮಿಸ್ ಮಾರ್ಪಲ್ ಒಂದು ಯಂತ್ರವಾಗುತ್ತಿದ್ದಳು. ಕನಿಕರವೊಂದೇ ಇದ್ದಿದ್ದರೆ ಊರಿಗೊಬ್ಬಳಂತಿರುವ ಒಳ್ಳೆಯ ಅಜ್ಜಿ.

ಒಳ್ಳೆಯ ಅಜ್ಜಿಯೆಂಬ ಭ್ರಮೆಗೆ ಹಿಕ್ಸನ್ನಳು ಎಡೆಗೊಡಲೇ ಇಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಕ್ರಿಸ್ಟಿಯ ಮುದುಕಿಯು ಮೂಲದಲ್ಲಿಯೇ ನಿಷ್ಠುರಳು. ಮನುಷ್ಯರಿಂದ ಕೆಟ್ಟದ್ದನ್ನೇ ನಿರೀಕ್ಷಿಸುವವಳು, ಬಹುಪಾಲು ಅದು ನಿಜವಾಗುವುದನ್ನೂ ಕಂಡವಳು. ಒಂದು ಕಾದಂಬರಿಯ ಕೊನೆಯಲ್ಲಂತೂ, ಮರಣದಂಡನೆಯು ತೊಲಗಿತಲ್ಲಾ ಎಂದು ಅಪರಾಧಿಯ ವಿಷಯದಲ್ಲಿ ನೊಂದುಕೊಳ್ಳುತ್ತಾಳೆ. ಈ ಗಡಸುತನವನ್ನು ೧೯೮೭ರ ‘ನೆಮೆಸಿಸ್’ ಕಥೆಯಲ್ಲಿ ಚೆನ್ನಾಗಿ ಕಾಣಬಹುದು. ಸತ್ತುಹೋದ ಒಬ್ಬ ಧನಿಕನು, ಎಂದೋ ನಡೆದ ಅನ್ಯಾಯವೊಂದನ್ನು ಸರಿಪಡಿಸಬೇಕೆಂದು ಅವಳಿಗೆ ಓಲೆ ಬರೆದಿಟ್ಟಿರುತ್ತಾನೆ. ನೆಮೆಸಿಸ್ ಎಂದರೆ ಗ್ರೀಕರ ದಂಡದೇವತೆ. ಆ ಹೆಸರನ್ನು ಉಣ್ಣೆಯ ಉಡುಪಿನ ಮುದುಕಿಯೊಬ್ಬಳಿಗೆ ಅಂಟಿಸಿದಾಗ ಕಾದಂಬರಿಯಲ್ಲಿ ತುಸು ನಗೆಯೇ ಬರುತ್ತದೆ. ಹಿಕ್ಸನ್ನಳನ್ನು ನೋಡುವಾಗ ನಗೆ ಬರುವುದಿಲ್ಲ. ದನಿ ಏರುವುದಿಲ್ಲ, ಮುಖ ಗಂಟಿಕ್ಕುವುದಿಲ್ಲ. ಮೃದುತ್ವವು ಮಾತ್ರ ಮೆಲ್ಲಗೆ ಹಿಂದೆ ಸರಿಯುವುದು. (ಈ ಧನಿಕನು ಮಿಸ್ ಮಾರ್ಪಲ್ಲಳನ್ನು ಮೊದಲು ಕಂಡ ಕಥೆಯು ‘ಎ ಕ್ಯಾರಿಬಿಯನ್ ಮಿಸ್ಟರಿ’. ದೂರದರ್ಶನದವರು ಅದನ್ನು ಎರಡು ವರ್ಷಗಳ ತರುವಾಯ, ೧೯೮೯ರಲ್ಲಿ, ಬೇರೆ ನಟನನ್ನಿಟ್ಟು ತೋರಿಸಿದುದರಿಂದ ಆತನ ಮರಣವು ಮೊದಲಾಗಿ ಪರಿಚಯವು ಆಮೇಲೆ ಆಯಿತು. ವಾಚಕರು ನೋಡುವುದಾದರೆ ಕ್ರಮವನ್ನು ತಿರುಗಿಸಿ ನೋಡುವುದು ಲೇಸು.)

ದೋಷಗಳೇ ಇಲ್ಲವೆಂದು ಹೇಳಿದರೆ ವಿಮರ್ಶೆಯು ಸ್ತುತಿಪಾಠವಾದೀತು. ೧೯೩೦ರ ಮೊದಲನೆಯ ಕಾದಂಬರಿಯಲ್ಲಿ ಮಿಸ್ ಮಾರ್ಪಲ್ ಊರವರ ಗುಟ್ಟುಗಳನ್ನು ಸವಿದು ಹರಟುವ, ಪಾದ್ರಿಗೂ ಅಷ್ಟೇನೂ ಬೇಡವಾದ ನಾಲಗೆಯುಳ್ಳವಳು. ಆ ತುಂಟತನದ ಅಂಶವು ಹಿಕ್ಸನ್ನಳ ಚಿತ್ರಣದಲ್ಲಿ ಬಹಳ ಮಟ್ಟಿಗೆ ಬಿಟ್ಟುಹೋಗಿದೆ. ಅವಳ ಮಾರ್ಪಲ್ ಹರಟುವುದಿಲ್ಲ. ಹರಟುವಂತೆ ನಟಿಸಿದಾಗಲೂ ಅದರ ಹಿಂದಿನ ಉದ್ದೇಶವು ಸ್ವಲ್ಪ ಬೇಗನೆ ಕಾಣಿಸಿಬಿಡುತ್ತದೆ. ಕ್ಯಾರಿಬಿಯನ್ ಕಥೆಯಲ್ಲಿ ಬಾರ್ಬಡೋಸ್ ದ್ವೀಪದ ಬಿಸಿಲೂ ಕಡಲೂ ಕಣ್ಣನ್ನು ಸೆಳೆದು, ಬೇಲಿಗಳ ನಡುವೆ ಬೆಳೆಯಬೇಕಾದ ಆತಂಕವು ಅಲ್ಲಿ ಬಯಲಾಗಿ ಹರಡಿಹೋಗಿದೆ. ಇನ್‌ಸ್ಪೆಕ್ಟರ್ ಸ್ಲ್ಯಾಕನ ಪಾತ್ರದಲ್ಲಿ ಡೇವಿಡ್ ಹೊರೊವಿಚ್ ತಂದ ಸಿಡುಕಿನ ಹಾಸ್ಯವು ಕೆಲವರಿಗೆ ಹೆಚ್ಚಾಯಿತೆನಿಸಬಹುದು. ಆದರೆ ಇಲ್ಲಿ ನಟಿಯ ಪರವಾಗಿ ಒಂದು ಮಾತು ಸಲ್ಲುತ್ತದೆ. ಆ ಅಧಿಕಾರಿಯು ಎಷ್ಟು ಅಬ್ಬರಿಸಿದರೂ ಈಕೆಯು ಅದಕ್ಕೆ ಪ್ರತಿಯಾಗಿ ಮತ್ತೂ ತಗ್ಗುತ್ತಾಳೆ, ಗೆಲ್ಲುವುದು ತಗ್ಗಿದವಳೇ.

ಮನ್ನಣೆಗಳ ಲೆಕ್ಕವನ್ನು ಬೇಗನೆ ಮುಗಿಸಬಹುದು. ೧೯೮೭ರಲ್ಲಿ ರಾಣಿಯಿಂದ ಓ.ಬಿ.ಇ. ಪದವಿ, ಬಾಫ್ಟಾ ಪ್ರಶಸ್ತಿಗೆ ಎರಡು ಸಲ ಹೆಸರು ಸೂಚಿತವಾಗಿ ಎರಡು ಸಲವೂ ಬೇರೆಯವರ ಪಾಲಾಯಿತು. ಕೊನೆಯ ಕಥೆಯು ಪ್ರಸಾರವಾದಾಗ ಈಕೆಗೆ ೮೬ ವರ್ಷ. ಹನ್ನೆರಡೂ ಮುಗಿದ ಮೇಲೆ ಆ ಪಾತ್ರವನ್ನು ದೂರದರ್ಶನದಲ್ಲಿ ಮತ್ತೆ ಧರಿಸಲಿಲ್ಲ. ೧೯೯೮ರ ಅಕ್ಟೋಬರ್ ೧೭ರಂದು ಕೋಲ್ಚೆಸ್ಟರಿನಲ್ಲಿ, ೯೨ನೆಯ ವಯಸ್ಸಿನಲ್ಲಿ, ಮರಣ. ಆಮೇಲೆ ಅದೇ ಪಾತ್ರವನ್ನು ಜೆರಾಲ್ಡೀನ್ ಮೆಕ್‌ಯುವನ್ನಳೂ ಜೂಲಿಯಾ ಮೆಕೆಂಜಿಯೂ ಬೇರೊಂದು ಮಾಲೆಯಲ್ಲಿ ವಹಿಸಿದರು. ಅವರ ಗುಣಾವಗುಣಗಳ ವಿಚಾರ ಬೇರೆ.

ಈಕೆಯು ಬಿಟ್ಟುಹೋದುದರಲ್ಲಿ ಇನ್ನೊಂದು ಉಂಟು. ಅದರ ಕಡೆಗೆ ವಿಮರ್ಶಕರು ಅಷ್ಟಾಗಿ ಗಮನ ಕೊಟ್ಟಂತಿಲ್ಲ. ಮಿಸ್ ಮಾರ್ಪಲ್ಲಳ ಕೆಲವು ಪುಸ್ತಕಗಳನ್ನು ಹಿಕ್ಸನ್ನಳು ಓದಿ ಧ್ವನಿಮುದ್ರಣ ಮಾಡಿಸಿದ್ದಾಳೆ. ಅಲ್ಲಿ ಕಣ್ಣಿಲ್ಲ, ಕೈಚೀಲವಿಲ್ಲ, ಹಳ್ಳಿಯ ಚಿತ್ರವಿಲ್ಲ, ವಾಚಿಕವೊಂದೇ. ಓದುವವಳೊಬ್ಬಳೇ ಆದುದರಿಂದ ಮಿಸ್ ಮಾರ್ಪಲ್ಲಳೊಡನೆ ಉಳಿದವರೂ, ಅಡಿಗೆಯವಳು, ಹೋಟೆಲಿನ ಪರಿಚಾರಿಕೆ, ಅಂಚೆಯ ಕಛೇರಿಯ ಹೆಂಗಸು, ಎಲ್ಲರೂ ಅವಳ ಕಂಠದಿಂದಲೇ ಮಾತನಾಡಬೇಕು. ಅವರಲ್ಲಿ ಕೆಲವರಿಗೆ ಇಡಿಯ ಪುಸ್ತಕದಲ್ಲಿ ಎರಡೇ ಸಾಲುಗಳು. ಆ ಎರಡು ಸಾಲುಗಳನ್ನು ಓದುವಾಗ ಆಕೆಗೆ ಅವಸರವಿಲ್ಲ.